ನಲವತ್ತು ಗಾಡಿಗಳ ಅಂಗಳ

ಹನ್ನೊಂದು ಟೈಪ್‌ರೈಟರ್‌ಗಳಿಗೆ ಮೂವರು ವಿದ್ಯಾರ್ಥಿನಿಯರು ಉಳಿದಿದ್ದರು. ಅಂಗಳದಲ್ಲಿ ಮಾತ್ರ ಒಂಬತ್ತು ಗಾಡಿಗಳು ನಿಂತಿದ್ದವು. ಅವುಗಳಲ್ಲಿ ಒಂದೂ ಟೈಪಿಂಗ್ ಕಲಿಯಲು ಬಂದವರದ್ದಲ್ಲ.

ಧಾರವಾಡದ ಸಪ್ತಾಪುರದಲ್ಲಿ, ವಿಶ್ವವಿದ್ಯಾಲಯಕ್ಕೆ ಹೋಗುವ ರಸ್ತೆಯ ಮಗ್ಗುಲಿಗೇ ನನ್ನ ಟೈಪಿಂಗ್ ಕ್ಲಾಸು. ಎರಡು ಸಾವಿರದ ಇಸವಿ ಇನ್ನೂ ಒಂದೆರಡು ವರ್ಷ ದೂರವಿತ್ತು. ಓಣಿಗೊಂದು ಕಂಪ್ಯೂಟರ್ ಕ್ಲಾಸು ಬೋರ್ಡು ಹಾಕುತ್ತಿದ್ದ ಕಾಲ. ಆ ಬೋರ್ಡುಗಳ ಮುಂದೆ ನನ್ನ ತಗಡಿನ ಶೆಡ್ಡು, ಅದರೊಳಗಿನ ಟಕಟಕ ಸದ್ದು ಯಾರಿಗೆ ಬೇಕು? ಸಾಲದ್ದಕ್ಕೆ ಆ ವರ್ಷ ವಿಶ್ವವಿದ್ಯಾಲಯದ ನಮ್ಮ ಕಡೆಯ ಗೇಟಿನಿಂದ ವಿದ್ಯಾರ್ಥಿಗಳು ಗಾಡಿ ಒಳಗೆ ತರಬಾರದೆಂದು ನಿಯಮವಾಯಿತು. ಸ್ಕೂಟರು, ಮೊಪೆಡ್ಡು, ಬೈಕು ಎಲ್ಲ ರಸ್ತೆಯ ಮೇಲೆ ಮರದ ಕೆಳಗೆ ನಿಲ್ಲತೊಡಗಿದವು. ಪೆಟ್ರೋಲು ಕದಿಯುವವರಿಗೆ ಹಬ್ಬ. ಅವರಿಗೆ ಹೆದರಿದ ಕೆಲವರು ನನ್ನ ಅಂಗಳಕ್ಕೆ ನುಗ್ಗಿಸಿ, "ಐದ ಮಿನಿಟ್ರಿ ಅಕ್ಕಾರ" ಎಂದು ಹೋದರೆ ಸಂಜೆಯೇ ಬರುವುದು.

ಮೊದಲ ವಾರ ಬೈದೆ. ಎರಡನೆಯ ವಾರ ಬೈಯುತ್ತಲೇ ಎಣಿಸಿದೆ. ಮೂರನೆಯ ವಾರ ನನಗೆ ಹೊಳೆಯಿತು: ಇದನ್ನೇ ಕೆಲಸ ಮಾಡಿಕೊಂಡರೆ ಹೇಗೆ? ವಿದ್ಯಾರ್ಥಿಗಳ ಜೇಬಿಗೆ ಭಾರವಾಗದಂಥ ದರ, ಬೆಳಗಿನಿಂದ ಸಂಜೆಯವರೆಗೆ ಕಾವಲು, ಮುಂದೆ ಮಳೆಗೆ ಮರೆ. ಅಂಗಳ ದೊಡ್ಡದಿತ್ತು. ಒಂದು ಸಾಲಿಗೆ ಹನ್ನೆರಡರಂತೆ ನಾಲ್ಕು ಸಾಲು ಸಲೀಸಾಗಿ ಹಿಡಿಯುತ್ತಿದ್ದವು.

ಆದರೆ ಅಂಗಳ ನನ್ನೊಬ್ಬಳದಾಗಿರಲಿಲ್ಲ. ಮನೆತನದ ಆಸ್ತಿ, ಕಾರಭಾರ ಮೈದುನನದು. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಅವನಿಗೆ ಪಂಪ್‌ಸೆಟ್ ಅಂಗಡಿಯಿತ್ತು. ಶೆಡ್ಡು ಕೆಡವಿ, ಅಂಗಳ ತುಂಬ ವಿದ್ಯಾರ್ಥಿಗಳಿಗೆ ಬಾಡಿಗೆ ಕೋಣೆ ಕಟ್ಟಬೇಕೆಂದು ಅವನು ಒಂದು ವರ್ಷದಿಂದ ನಕ್ಷೆ ಹಿಡಿದು ಓಡಾಡುತ್ತಿದ್ದ. ನನ್ನ ಯಜಮಾನರು ರೈಲ್ವೆಯವರು. ಮನೆಯ ವಿಷಯ ಬಂದಾಗಲೆಲ್ಲ ಅವರಿಗೆ ಡ್ಯೂಟಿ ನೆನಪಾಗುತ್ತಿತ್ತು. ಹೀಗಾಗಿ ಮಾತಾಡಬೇಕಾದವಳು ನಾನೇ. ಶೆಡ್ಡು ಹೋದರೆ ಹದಿನಾರು ವರ್ಷ ಬೆಳಗಾದರೆ ಬೀಗ ತೆಗೆದು ಕೂತ ಜಾಗ ಹೋಗುತ್ತಿತ್ತು. ನಾಳೆಯಿಂದ ಎಲ್ಲಿಗೆ ಹೋಗಬೇಕು? ಅಡುಗೆಮನೆಗೆ ಎಂದು ಹೇಳಿದವರಿದ್ದರು.

ಮೈದುನ ಕೆಟ್ಟವನಲ್ಲ. ಕೂತು ಕೇಳಿದ, ಚಹಾ ಕುಡಿದ, ಬಸಿಯನ್ನು ಕೆಳಗಿಟ್ಟು ಹೇಳಿದ. "ವೈನಿ, ನಾ ಏನ್ ಬ್ಯಾಡ ಅನ್ನಂಗಿಲ್ಲ. ದಸರಾ ಸೂಟಿ ಬರೂದ್ರಾಗ ನಲವತ್ತ ಗಾಡಿ ಇಲ್ಲೆ ನಿಂತಿದ್ದು ನನ್ನ ಕಣ್ಣಿಗೆ ಕಾಣಬೇಕು. ಕಂಡ್ರ ಜಾಗಾ ನಿಮ್ಮ ಕಡೇನ ಇರ್ಲಿ. ಇಲ್ಲಂದ್ರ ಖೋಲಿ ಕಟ್ಟೂದ ಸೈ."

ಒಪ್ಪಿದೆ. ಕೆಲಸಕ್ಕಿಳಿಯುವ ಮುಂಚೆ ಲೆಕ್ಕ ತೆಗೆಯಬೇಕೆಂಬ ಬುದ್ಧಿ ನನಗೂ ಇತ್ತು. ಆದ್ದರಿಂದ ಕೆಲಸ ಶುರುವಾದದ್ದು ಪ್ರಶ್ನಾವಳಿಯಿಂದ. ಸ್ಟೆನ್ಸಿಲ್ ಹಾಳೆಯ ಮೇಲೆ ನಾನೇ ಟೈಪ್ ಮಾಡಿ ಇನ್ನೂರು ಪ್ರತಿ ಸೈಕ್ಲೋಸ್ಟೈಲ್ ಮಾಡಿಸಿದೆ. ಹೆಸರು, ತರಗತಿ, ಇರುವ ಕೋಣೆಯ ವಿಳಾಸ, ಬಳಸುವ ಗಾಡಿಯ ನಂಬರು, ಕೊನೆಗೆ ಒಂದೇ ಪ್ರಶ್ನೆ: ಗೇಟಿನ ಹತ್ತಿರ ಕಡಿಮೆ ದರದಲ್ಲಿ ಗಾಡಿ ನಿಲ್ಲಿಸಲು ಕಾವಲಿರುವ ಜಾಗವಿದ್ದರೆ ಬಳಸುವಿರಾ? ನಾಲ್ಕು ದಿನ ಗೇಟಿನ ಎದುರು ಮರದ ಕೆಳಗೆ ನಿಂತು ಹಂಚಿದೆ. ವಿದ್ಯಾರ್ಥಿಗಳು ಒಂದೇ ಪೆನ್ನನ್ನು ಕೈಯಿಂದ ಕೈಗೆ ದಾಟಿಸುತ್ತ ತುಂಬಿಕೊಟ್ಟರು. "ಛಲೋ ಆಗ್ತೈತ್ರಿ ಅಕ್ಕಾರ, ನಮ್ಮ ಖೋಲಿಯವ್ರೆಲ್ಲಾ ಬರ್ತೇವ್ರಿ" ಎಂದವರು ಒಬ್ಬಿಬ್ಬರಲ್ಲ.

ನೂರಾ ಅರವತ್ತು ಹಾಳೆ ಮರಳಿ ಬಂದವು. ಬೇಡ ಎಂದವರು ಕೈಬೆರಳಲ್ಲಿ ಎಣಿಸುವಷ್ಟು. ಹಾಳೆಗಳನ್ನೆಲ್ಲ ಹೆಸರಿನ ಅಕ್ಷರಮಾಲೆಯಂತೆ ಜೋಡಿಸಿ, ರಂಧ್ರ ಕೊರೆದು, ಫೈಲಿಗೆ ಕಟ್ಟಿದೆ. ಅಷ್ಟು ಅಚ್ಚುಕಟ್ಟಾದ ಫೈಲನ್ನು ನಾನು ಮತ್ತೆಂದೂ ಮಾಡಿಲ್ಲ. ನೂರೈವತ್ತು ಜನ ಬರುತ್ತೇವೆಂದರೆ ನಲವತ್ತು ಯಾವ ಮಹಾ ಎಂದು ಆ ರಾತ್ರಿ ಹಾಯಾಗಿ ನಿದ್ದೆ ಮಾಡಿದೆ.

ಕಾವಲಿಗೆ ಒಬ್ಬರು ಬೇಕಿತ್ತು. ನನ್ನ ಮಷಿನ್‌ಗಳನ್ನು ರಿಪೇರಿ ಮಾಡುತ್ತಿದ್ದವನು ಹಳೇ ಹುಬ್ಬಳ್ಳಿಯಿಂದ ತನ್ನ ಚಾಚಾನನ್ನು ಕರೆತಂದ. ಒಂದು ಟಾಕೀಜಿನ ಮುಂದೆ ಮೂವತ್ತು ವರ್ಷ ಸೈಕಲ್ ಸ್ಟ್ಯಾಂಡ್ ನಡೆಸಿದ ಮನುಷ್ಯ. ಟಾಕೀಜು ಮುಚ್ಚಿದ ಮೇಲೆ ಮನೆಯಲ್ಲಿ ಕೂತು ಬೇಸತ್ತಿದ್ದರು. ನಾನೂ ಅವರನ್ನು ಚಾಚಾ ಎಂದೇ ಕರೆದೆ. ಬಂದವರೇ ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದು, ಹಿಮ್ಮಡಿಯಿಂದ ನೆಲ ಒತ್ತಿ ನೋಡಿ, ಮಳೆ ಬಂದರೆ ಇದರ ಮೇಲೆ ಗಾಡಿ ನಿಲ್ಲುವುದಿಲ್ಲವೆಂದು ತಲೆಯಾಡಿಸಿದರು. ನಮ್ಮ ಅತ್ತೆಯವರು ಮಲ್ಲಿಗೆಗೆಂದು ಎಲ್ಲಿಂದಲೋ ತರಿಸಿ ಹಾಕಿಸಿದ ಎರೆಮಣ್ಣು ಅದು. ಒಣಗಿದಾಗ ಕಲ್ಲು, ನೆನೆದಾಗ ಸಗಣಿ.

ಚಾಚಾ ಹೇಳಿದ್ದನ್ನು ನಾನು ಕೇಳಲಿಲ್ಲ. ಸುಣ್ಣದಿಂದ ಗೆರೆ ಎಳೆಸಿ, ಸಾಲಿಗೆ ನಂಬರು ಬರೆಸಿ ಶುರು ಮಾಡಿಯೇಬಿಟ್ಟೆ. ಮೊದಲ ದಿನ ಏಳು ಗಾಡಿ ಬಂದವು. ಮಧ್ಯಾಹ್ನ ಧಾರವಾಡದ ಜಿಟಿಜಿಟಿ ಮಳೆ ಹಿಡಿಯಿತು. ಒಂದು ಬೈಕಿನ ಸೈಡ್ ಸ್ಟ್ಯಾಂಡು ಮೆಲ್ಲಗೆ ಮಣ್ಣಿಗಿಳಿದು, ಅದು ಪಕ್ಕದ ಸ್ಕೂಟರಿನ ಮೇಲೆ ಒರಗಿ, ಸ್ಕೂಟರು ಅದರಾಚೆಯ ಮೊಪೆಡ್ಡಿನ ಮೇಲೆ ಬಿತ್ತು. ಒಂದು ಕನ್ನಡಿ, ಎರಡು ಇಂಡಿಕೇಟರು ಹೋದವು. ನಾನು ಮಳೆಯಲ್ಲಿ ನಿಂತು ಸುಣ್ಣದ ಗೆರೆ ಕರಗಿ ಹೋಗುವುದನ್ನು ನೋಡಿದೆ.

ಎರಡು ಟ್ರಾಕ್ಟರ್ ಗರಸು ಮಣ್ಣು ತರಿಸಿ ಹರವಿದೆವು. ಸ್ಟ್ಯಾಂಡಿನ ಕಾಲಿಗೆ ಅದೂ ಸಾಲಲಿಲ್ಲ. ಕೊನೆಗೆ ಚಾಚಾ ಎಲ್ಲಿಂದಲೋ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಒಡೆದ ಚೂರುಗಳನ್ನು ಚೀಲದಲ್ಲಿ ಹೊತ್ತು ತಂದರು. ಒಂದೊಂದು ಜಾಗಕ್ಕೆ ಒಂದೊಂದು ಚೂರು, ಗಾಡಿಯ ಎಡಕ್ಕೆ ಒಂದು ಗೇಣು ದೂರದಲ್ಲಿ, ನೆಲಕ್ಕೆ ಸಮನಾಗಿ ಹೂತರು. ಸ್ಟ್ಯಾಂಡು ಅದರ ಮೇಲೇ ನಿಲ್ಲಬೇಕು. ಆಮೇಲೆ ಒಂದು ಗಾಡಿಯೂ ಬೀಳಲಿಲ್ಲ. ಬೀಳಲು ಗಾಡಿಗಳಾದರೂ ಎಲ್ಲಿದ್ದವು? ಎರಡನೆಯ ವಾರ ಒಂಬತ್ತು. ಮೂರನೆಯ ವಾರ ಹನ್ನೊಂದು. ನಲವತ್ತೆಂಟು ಫರಸಿ ಚೂರುಗಳಲ್ಲಿ ಮೂವತ್ತೇಳು ಮಳೆನೀರಲ್ಲಿ ತೊಳೆದು ಹೊಳೆಯುತ್ತಿದ್ದವು.

ನನ್ನ ನಿಯಮಗಳು ಬಿಗಿಯಾಗಿದ್ದವು, ಅದನ್ನು ಒಪ್ಪಿಕೊಳ್ಳುತ್ತೇನೆ. ಪಾಸು ಪಡೆಯುವವರ ಹೆಸರು, ಸಹಿ, ಗಾಡಿ ನಂಬರು ಎಲ್ಲ ಟೈಪಾಗಬೇಕು. ಗಾಡಿ ಬಿಟ್ಟಾಗ ಒಂದು ಹಿತ್ತಾಳೆ ಬಿಲ್ಲೆ ಕೊಡುತ್ತೇವೆ. ಪಾಸಿನವರೇ ಖುದ್ದಾಗಿ ಬಂದು, ಬಿಲ್ಲೆ ಕೊಟ್ಟು, ಸಹಿ ಹಾಕಿ ಗಾಡಿ ಒಯ್ಯಬೇಕು. ಒಂದು ಗಾಡಿ ಕಳುವಾದರೂ ನನ್ನ ಕಥೆ ಮುಗಿಯಿತು ಎಂಬ ಭಯ ನನಗೆ. ಈ ನಿಯಮಗಳನ್ನು ಕೆಂಪು ರಿಬ್ಬನ್ನಿನಲ್ಲಿ ಟೈಪ್ ಮಾಡಿ ಅಂಗಳದ ಗೇಟಿಗೆ ಅಂಟಿಸಿದ್ದೆ. ವಿದ್ಯಾರ್ಥಿಗಳು ಬಂದು, ನಿಂತು, ಪೂರ್ತಿ ಓದಿ, ನನಗೊಂದು ನಮಸ್ಕಾರ ಹಾಕಿ, ಎದುರಿನ ಮರದ ಕೆಳಗೆ ಗಾಡಿ ನಿಲ್ಲಿಸಿ ಹೋಗುತ್ತಿದ್ದರು.

ಏನು ತಪ್ಪಾಗುತ್ತಿದೆ ಎಂದು ಕಂಡುಹಿಡಿಯಲು ವಾರಕ್ಕೊಂದು ಬದಲಾವಣೆ ಮಾಡುವುದೆಂದು ನಿಶ್ಚಯಿಸಿದೆ. ಎಲ್ಲ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲವಲ್ಲ. ಒಂದು ವಾರ ದರ ಇಳಿಸಿದೆ. ಹನ್ನೊಂದು ಹನ್ನೊಂದೇ ಉಳಿಯಿತು. ಮುಂದಿನ ವಾರ ಎರಡು ಸಾಲಿಗೆ ತಾಡಪತ್ರಿ ಹೊದಿಸಿದೆ. ಹತ್ತಕ್ಕಿಳಿಯಿತು. ಅದರ ಮುಂದಿನ ವಾರ ಬೆಳಗ್ಗೆ ಒಂದು ತಾಸು ಮುಂಚೆ ಬಾಗಿಲು ತೆಗೆದೆ. ನಾನು ಮತ್ತು ಚಾಚಾ ಇಬ್ಬರೇ ಚಳಿಗೆ ಕೈ ಉಜ್ಜುತ್ತ ಕೂತೆವು. ಎದುರಿನ ಮರಗಳ ಕೆಳಗೆ ಅಷ್ಟು ಹೊತ್ತಿಗೇ ಹದಿನೈದು ಗಾಡಿಗಳು ನೆನೆಯುತ್ತ ನಿಂತಿದ್ದವು.

ರಸ್ತೆ ದಾಟಿ ಹೋಗಿ ಕೇಳಿದೆ. ದರ ಹೆಚ್ಚಾಯಿತೇ? ಇಲ್ಲವಂತೆ. ಜಾಗ ದೂರವೇ? ಹತ್ತಿರವೇ ಇದೆಯಂತೆ. ಮತ್ತೇಕೆ ಬರುವುದಿಲ್ಲ ಎಂದರೆ ಎಲ್ಲರೂ ನಾಳೆ ಬರುತ್ತೇವೆ ಎಂದರು, ಅದೂ ಎಷ್ಟು ಮರ್ಯಾದೆಯಿಂದ! ನಮ್ಮೂರಿನ ಈ ಮರ್ಯಾದೆಯ ಮೇಲೆ ನನಗೆ ಜೀವನದಲ್ಲಿ ಮೊದಲ ಬಾರಿಗೆ ಸಿಟ್ಟು ಬಂತು. ಯಾರಾದರೂ ಒಬ್ಬರು ನಿಮ್ಮ ಸ್ಟ್ಯಾಂಡು ದಂಡ ಎಂದು ಮುಖಕ್ಕೆ ಹೊಡೆದಂತೆ ಹೇಳಿದ್ದರೆ ಅವರಿಗೆ ಕೈ ಮುಗಿಯುತ್ತಿದ್ದೆ. ಪ್ರಶ್ನಾವಳಿಯ ಫೈಲು ಕಂಡರೆ ಮೈ ಉರಿಯುತ್ತಿತ್ತು. ಇವರೆಲ್ಲ ನನ್ನ ಮುಖ ನೋಡಿ, ಪಾಪ ಎಂದು, ಹೂಂ ಎಂದು ಬರೆದುಕೊಟ್ಟ ಸುಳ್ಳರು ಎಂದು ತೀರ್ಮಾನಿಸಿದೆ. ಆ ಸಿಟ್ಟೆಲ್ಲ ಶೆಡ್ಡಿನೊಳಗಿನ ಮೂವರು ಹುಡುಗಿಯರ ಮೇಲೆ ಹೋಗುತ್ತಿತ್ತು. ಗೇಟಿನಲ್ಲಿ ಕೂತೇ ಸದ್ದು ಕೇಳಿ ಯಾರ ಉಂಗುರದ ಬೆರಳು ಸೋಮಾರಿಯಾಗಿದೆ ಎಂದು ನನಗೆ ಗೊತ್ತಾಗುತ್ತಿತ್ತು. ಅಲ್ಲಿಂದಲೇ ಕೂಗಿ ಬೈಯುತ್ತಿದ್ದೆ.

ಆಗಸ್ಟ್ ಮುಗಿಯುವ ಹೊತ್ತು. ಒಂದು ಮಧ್ಯಾಹ್ನ, ಹನ್ನೆರಡೂವರೆ ಇರಬೇಕು, ಕನ್ನಡಕದ ಒಬ್ಬ ವಿದ್ಯಾರ್ಥಿ ಓಡುತ್ತ ಬಂದ. ಎಂ.ಎ. ಮೊದಲ ವರ್ಷದವನು. ಕೈಯಲ್ಲಿ ಒಂದು ನೀಲಿ ಸ್ಕೂಟರಿನ ಕೀಲಿ. ಬಿಲ್ಲೆ ಇರಲಿಲ್ಲ. ಆ ಸ್ಕೂಟರಿನ ಪಾಸು ಬೇರೊಬ್ಬನ ಹೆಸರಿನಲ್ಲಿತ್ತು. ಅವನು ಪ್ರಾಕ್ಟಿಕಲ್ಲಿನಲ್ಲಿದ್ದಾನೆ, ಎರಡು ಗಂಟೆಯ ತನಕ ಹೊರಗೆ ಬಿಡುವುದಿಲ್ಲ, ಗಾಡಿ ಈಗಲೇ ಬೇಕು ಎಂದು ಇವನು ಹೇಳಿದ. ಚಾಚಾ ಎದ್ದು ಸ್ಕೂಟರಿನ ಕಡೆ ಹೊರಟೇಬಿಟ್ಟಿದ್ದರು. ನಾನು ತಡೆದೆ.

"ಬಿಲ್ಲೆ ಎಲ್ಲಿ?" ಎಂದೆ.

"ಅವನ ಕಡೆ ಉಳದೈತ್ರಿ."

"ಹಂಗಾರ ಅವನ ಬರಬೇಕು."

ಅವನು ಗೇಟಿಗೆ ಅಂಟಿಸಿದ್ದ ನಿಯಮದ ಹಾಳೆಯನ್ನು ಒಮ್ಮೆ ನೋಡಿದ. ಆಕಾಶವನ್ನು ಒಮ್ಮೆ ನೋಡಿದ. ಮಳೆ ಶುರುವಾಗಿತ್ತು. "ಆತ್ರಿ" ಎಂದು ತಿರುಗಿ, ಪ್ಯಾಂಟು ಮಡಚಿಕೊಂಡು, ಊರಿನ ಕಡೆ ಓಡಿದ. ವಾದ ಮಾಡಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಸರಿಯಾದದ್ದನ್ನು ಮಾಡಿದೆ ಎಂದೇ ನನಗನ್ನಿಸಿತು. ಚಾಚಾ ಮಾತ್ರ ಮತ್ತೆ ಕೂರಲಿಲ್ಲ.

"ಅಕ್ಕಾರ," ಎಂದರು, "ಆ ಗಾಡಿ ಒಬ್ಬರದಲ್ರಿ. ಅದು ಖೋಲಿದು."

ಖೋಲಿಗೆ ಪಾಸು ಕೊಡುವುದಿಲ್ಲ, ಮನುಷ್ಯರಿಗೆ ಕೊಡುತ್ತೇನೆ ಎಂದು ನಾನು ಅಂದೆ.

ಮರುದಿನ ಬೆಳಗ್ಗೆ ಒಂಬತ್ತರ ಹೊತ್ತಿಗೆ ಇಳಕಲ್ಲ ಸೀರೆಯ ಒಬ್ಬ ಹೆಣ್ಣುಮಗಳು ನಮ್ಮ ಗೇಟಿನಲ್ಲಿ ನಿಂತು, ಒಂದು ಚೀಟಿ ಮುಂದೆ ಹಿಡಿದು, ಈ ವಿಳಾಸ ಎಲ್ಲಿ ಬರುತ್ತದೆ ಎಂದು ಕೇಳಿದಳು. ಕಂಕುಳಲ್ಲಿ ಬಟ್ಟೆಯ ಗಂಟಿತ್ತು. ನವಲಗುಂದದ ಕಡೆಯ ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದಿದ್ದಳು. ಉಸಿರು ಮೇಲುಸಿರಾಗಿತ್ತು. ನೀರು ಕೊಟ್ಟು ಕೂರಿಸಿದೆ.

"ಮಗಾ ಇಲ್ಲೆ ಸಾಲಿ ಕಲ್ಯಾಕ ಇರತಾನ್ರಿ. ದಿನಾ ಬಸ್ಸಿನ್ಯಾಗ ಬುತ್ತಿ ಕಳಸ್ತೇನಿ. ನಿನ್ನಿ ಬುತ್ತಿ ತುಂಬಿದ್ದು ತುಂಬಿದಂಗ ಹೊಳ್ಳಿ ಬಂತು. ಜ್ವರಾಗಿರಾ ಬಂದು ಮಲಗ್ಯಾನೋ ಏನೋ ಅಂತ ಜೀವ ತಡೀಲಿಲ್ರಿ ಯವ್ವಾ."

ಚಾಚಾ ಗುರುತು ಹಿಡಿದರು: ಚೀಟಿಯ ಮೇಲಿನ ಹೆಸರು ಆ ಕನ್ನಡಕದವನದು.

ಧಾರವಾಡದಲ್ಲಿ ಬೆಳೆದವಳಿಗೆ ಬುತ್ತಿ ಗೊತ್ತಿಲ್ಲವೆಂದಲ್ಲ. ಸುತ್ತಲಿನ ಹಳ್ಳಿಗಳಿಂದ ದಿನವೂ ಮಧ್ಯಾಹ್ನದ ಬಸ್ಸುಗಳಲ್ಲಿ ಮಕ್ಕಳಿಗೆ ರೊಟ್ಟಿ, ಪಲ್ಯ, ಚಟ್ನಿಪುಡಿ ಕಟ್ಟಿ ಕಳಿಸುತ್ತಾರೆ. ಕಂಡಕ್ಟರ್ ಹಿಂದಿನ ಸೀಟಿನ ಕೆಳಗಿಟ್ಟುಕೊಂಡು ಬರುತ್ತಾನೆ. ಬಸ್ಸು ಹತ್ತು ಹದಿನೈದು ಮಿನಿಟು ನಿಲ್ಲುತ್ತದೆ. ಅಷ್ಟರಲ್ಲಿ ತುಂಬಿದ ಡಬ್ಬಿ ಇಳಿಸಿಕೊಂಡು ನಿನ್ನೆಯ ಖಾಲಿ ಡಬ್ಬಿ ಕೊಡಬೇಕು. ಇಲ್ಲದಿದ್ದರೆ ಬುತ್ತಿ ಹಾಗೇ ಊರಿಗೆ ಮರಳುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಹನ್ನೆರಡೂವರೆಗೆ ನೀಲಿ ಸ್ಕೂಟರು ಎಲ್ಲಿಗೆ ಹೋಗುತ್ತದೆ ಎಂದು ಕೇಳಲು ಮಾತ್ರ ಹೊಳೆಯಲಿಲ್ಲ.

ಚಾಚಾನನ್ನು ಗೇಟಿಗೆ ಕೂರಿಸಿ ನಾನೇ ಆಕೆಯನ್ನು ಕರೆದುಕೊಂಡು ಹೋದೆ. ಎರಡು ಓಣಿ ದಾಟಿ, ಒಂದು ಮನೆಯ ಮಾಳಿಗೆಯ ಮೇಲೆ ಅವರ ಕೋಣೆ. ನಾಲ್ವರು ಇದ್ದರು. ತಾಯಿಯನ್ನು ಕಂಡು ಮಗ ಗಾಬರಿಯಾದ. ಆಕೆ ಅವನ ಹಣೆ ಮುಟ್ಟಿ ನೋಡಿ, ಜ್ವರವಿಲ್ಲವೆಂದು ಖಾತ್ರಿಯಾದ ಮೇಲೆ ಅಲ್ಲೇ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಬಾಗಿಲಲ್ಲೇ ನಿಂತಿದ್ದೆ. ಬಾಗಿಲ ಮಗ್ಗುಲಿಗೆ ಗೋಡೆಯಲ್ಲಿ ಒಂದು ಮೊಳೆ, ಮೊಳೆಗೆ ಸ್ಕೂಟರಿನ ಕೀಲಿ. ಅದರ ಕೆಳಗೆ ನೋಟುಬುಕ್ಕಿನ ಹಾಳೆಯಲ್ಲಿ ಸೋಮವಾರದಿಂದ ಶನಿವಾರದವರೆಗೆ ಯಾರ ಪಾಳಿ ಎಂದು ಬರೆದಿತ್ತು. ಯಾರು ಬುತ್ತಿಗೆ, ಯಾರು ಪೆಟ್ರೋಲಿಗೆ ಎಂದು. ನಾಲ್ವರ ಬುತ್ತಿಯೂ ಒಂದೇ ಬಸ್ಸಿಗೆ ಬರುತ್ತಿತ್ತು. ನಿನ್ನೆ ನಾಲ್ವರೂ ಬಾಳೆಹಣ್ಣು ತಿಂದು ಮಲಗಿದ್ದರು.

ಬುತ್ತಿಗೆ ಹೊರಟಿದ್ದೇನೆಂದು ಯಾಕೆ ಹೇಳಲಿಲ್ಲ ಎಂದು ಅವನನ್ನು ಕೇಳಿದೆ. ನನ್ನ ದನಿ ಬೈಯುವ ದನಿಯೇ ಆಗಿತ್ತು. ಬೇರೆ ದನಿ ಆ ಹೊತ್ತಿಗೆ ಹೊರಡಲಿಲ್ಲ.

"ನೀವು ಬಿಲ್ಲೆ ಕೇಳಿದ್ರಿ," ಎಂದ ಅವನು ತಗ್ಗಿದ ದನಿಯಲ್ಲಿ. "ನನ್ನ ಕಡೆ ಇರಲಿಲ್ಲ."

ಶೆಡ್ಡಿಗೆ ಮರಳಿದವಳೇ ಪ್ರಶ್ನಾವಳಿಯ ಫೈಲು ಬಿಚ್ಚಿದೆ. ಅಕ್ಷರಮಾಲೆಯ ಜೋಡಣೆಯನ್ನು ಕಿತ್ತು, ನೂರಾ ಅರವತ್ತು ಹಾಳೆಗಳನ್ನು ಹನ್ನೊಂದು ಟೈಪಿಂಗ್ ಮೇಜುಗಳ ಮೇಲೆ ಹರಡಿ, ಗಾಡಿ ನಂಬರಿನ ಪ್ರಕಾರ ಮತ್ತೆ ಜೋಡಿಸಿದೆ. ಮೂವರು ವಿದ್ಯಾರ್ಥಿನಿಯರೂ ಕೈಜೋಡಿಸಿದರು. ನೀಲಿ ಸ್ಕೂಟರಿನ ನಂಬರು ನಾಲ್ಕು ಹಾಳೆಗಳಲ್ಲಿತ್ತು, ನಾಲ್ಕು ಬೇರೆ ಬೇರೆ ಕೈಬರಹದಲ್ಲಿ. ಇನ್ನೊಂದು ನಂಬರು ಐದರಲ್ಲಿ. ಸಂಜೆಯಾಗುವಷ್ಟರಲ್ಲಿ ನೂರಾ ಅರವತ್ತು ಹಾಳೆಗಳು ನಲವತ್ತೆಂಟು ಕಟ್ಟುಗಳಾದವು. ಯಾರೂ ಸುಳ್ಳು ಬರೆದಿರಲಿಲ್ಲ. ಎಲ್ಲರೂ ಬರುವವರೇ ಇದ್ದರು, ಒಂದೊಂದು ಗಾಡಿಯ ಮೇಲೆ ಮೂವರು ನಾಲ್ವರು, ಪಾಳಿಯ ಮೇಲೆ. ನನ್ನ ನಿಯಮ ಓದಿದ ಕ್ಷಣ ಅದು ತಮ್ಮಂಥವರಿಗಲ್ಲವೆಂದು ತಿಳಿದು, ನನಗೆ ನೋವಾಗದಂತೆ ದೂರ ಸರಿದಿದ್ದರು. ಇಷ್ಟು ದಿನ ಅವರನ್ನು ಸುಳ್ಳರೆಂದು ಬೈದವಳು ನಾನು. ಉತ್ತರ ನನ್ನ ಕಪಾಟಿನಲ್ಲೇ, ನಾನೇ ಕೊರೆದ ರಂಧ್ರದಲ್ಲಿ ದಾರ ಕಟ್ಟಿಕೊಂಡು ಕೂತಿತ್ತು. ನಾಚಿಕೆಗಿಂತ ಹೆಚ್ಚಾಗಿ ನನಗೆ ನನ್ನ ಅಚ್ಚುಕಟ್ಟಿನ ಮೇಲೆಯೇ ರೇಜಿಗೆಯಾಯಿತು.

ಮರುದಿನ ಕೆಂಪು ಹಾಳೆಯನ್ನು ಗೇಟಿನಿಂದ ಕಿತ್ತೆ. ವ್ಯಕ್ತಿಯ ಪಾಸು ರದ್ದು, ಇನ್ನು ಖೋಲಿಯ ಪಾಸು. ಒಂದು ಗಾಡಿಗೆ ಒಂದು ಕಾರ್ಡು, ಅದರ ಮೇಲೆ ಆ ಕೋಣೆಯವರೆಲ್ಲರ ಹೆಸರು ಮತ್ತು ಸಹಿಯ ಮಾದರಿ. ಕಾರ್ಡು ನಮ್ಮಲ್ಲೇ ಇರುತ್ತದೆ. ಚಾಚಾ ಒಂದು ಹಲಗೆಗೆ ನಲವತ್ತೆಂಟು ಮೊಳೆ ಹೊಡೆದು ಕಾರ್ಡುಗಳನ್ನು ಸಾಲಾಗಿ ತೂಗುಹಾಕಿದರು. ಕೀಲಿ ಯಾರ ಕೈಯಲ್ಲಿದೆಯೋ ಅವರ ಹೆಸರು ಕಾರ್ಡಿನಲ್ಲಿದ್ದರೆ ಸಾಕು, ಸಹಿ ಹಾಕಿ ಒಯ್ಯಬಹುದು. ಹಿತ್ತಾಳೆ ಬಿಲ್ಲೆಗಳನ್ನು ಡಬ್ಬಿಗೆ ತುಂಬಿ ಅಟ್ಟಕ್ಕೇರಿಸಿದೆ. ಗೇಟಿನಲ್ಲಿ ಕಾಯದೆ, ಒಂದೊಂದು ಕೋಣೆಗೂ ನಾನೇ ಹೋದೆ. ಹೋದಲ್ಲೆಲ್ಲ ಬಾಗಿಲ ಮಗ್ಗುಲಿಗೆ ಒಂದು ಮೊಳೆ ಇದ್ದೇ ಇರುತ್ತಿತ್ತು.

ಸೆಪ್ಟೆಂಬರ್ ಎರಡನೆಯ ವಾರಕ್ಕೆ ಹತ್ತೊಂಬತ್ತು. ಮೂರನೆಯ ವಾರಕ್ಕೆ ಇಪ್ಪತ್ತೆಂಟು. ಖೋಲಿಯ ಪಾಸಿಗೆ ಮೊದಲು ಬಂದದ್ದು ನೀಲಿ ಸ್ಕೂಟರು, ಅದರ ಹಿಂದೆಯೇ ಅದೇ ಕಟ್ಟಡದ ಇನ್ನು ನಾಲ್ಕು. ಎದುರಿನ ಮರಗಳ ಕೆಳಗೆ ನೆಲ ಕಾಣತೊಡಗಿತು. ಚಾಚಾ ಗಾಡಿಯ ಸೀಟಿನ ಮೇಲೆ ಸೀಮೆಸುಣ್ಣದಿಂದ ಮೊಳೆಯ ನಂಬರು ಬರೆಯುತ್ತ, ಟಾಕೀಜಿನ ಕಾಲದ ಹಾಡು ಗುನುಗುತ್ತಿದ್ದರು.

ಒಂದೇ ತೊಂದರೆ. ಹನ್ನೆರಡೂಕಾಲಿಗೆ ಅಂಗಳದಿಂದ ಗಾಡಿಗಳು ಒಂದರ ಹಿಂದೊಂದು ಹೊರಬೀಳುತ್ತಿದ್ದವು, ಬುತ್ತಿಗೆ. ಒಂದೂವರೆಯ ತನಕ ಅಂಗಳ ಅರ್ಧಕ್ಕರ್ಧ ಖಾಲಿ. ಮೈದುನನ ಅಂಗಡಿ ಊಟಕ್ಕೆ ಬಾಗಿಲು ಹಾಕುತ್ತಿದ್ದದ್ದು ಆ ಹೊತ್ತಿಗೇ. ಬೆಳಗ್ಗೆ ಹನ್ನೊಂದಕ್ಕೆ ಬಂದು ಎಣಿಸು ಎಂದು ಎರಡು ಸಲ ಹೇಳಿದೆ. ಗಿರಾಕಿ ಬಿಟ್ಟು ಬರಲಾಗದೆಂದ. ಯಾಕೆ ಹನ್ನೊಂದಕ್ಕೇ ಎಂದು ಅವನೂ ಕೇಳಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ. ಗಾಡಿ ತುಂಬಿದ ಮೇಲೆ ಅದನ್ನೆಲ್ಲ ವಿವರಿಸುವ ಅಗತ್ಯವೇ ಬೀಳುವುದಿಲ್ಲ ಎಂದುಕೊಂಡಿದ್ದೆ.

ದಸರಾ ರಜೆಗೆ ನಾಲ್ಕು ದಿನ ಇರುವಾಗ ಅವನು ಬಂದ. ಹನ್ನೆರಡೂಮುಕ್ಕಾಲು. ಅಂಗಳದಲ್ಲಿದ್ದದ್ದು ಹದಿನಾಲ್ಕು ಗಾಡಿ. ಬೆಳಗ್ಗೆ ಎಷ್ಟಿದ್ದವು ಎಂದು ನನಗೂ ಚಾಚಾಗೂ ಗೊತ್ತು, ಅವನಿಗೆ ಗೊತ್ತಿಲ್ಲ. ಸ್ವಲ್ಪ ಕೂತುಕೋ, ಬರುತ್ತವೆ ಎಂದು ಹೇಳಿ ಚಹಾ ತರಿಸಿದೆ. ಪುಣ್ಯಾತ್ಮ ಕೂತ. ಒಂದು ಗಂಟೆ ದಾಟಿದ ಮೇಲೆ ಗಾಡಿಗಳು ಬರಲು ಶುರುವಾದವು. ಹ್ಯಾಂಡಲ್ಲಿಗೆ ಬುತ್ತಿಯ ಚೀಲಗಳು, ಹಿಂದೆ ಕೂತವನ ತೊಡೆಯ ಮೇಲೆ ಡಬ್ಬಿಗಳು. ಇಪ್ಪತ್ತು, ಇಪ್ಪತ್ತೇಳು, ಮೂವತ್ತು. ಫರಸಿ ಚೂರಿನ ಮೇಲೆ ಸ್ಟ್ಯಾಂಡು ಬೀಳುವ ಸದ್ದಿಗೊಮ್ಮೆ ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಮೂವತ್ತಾರಕ್ಕೆ ಸದ್ದು ನಿಂತಿತು.

ಮೊಳೆ ಹಲಗೆ ನೋಡಿದೆ. ಇನ್ನೂ ಐದು ಗಾಡಿ ಹೊರಗಿದ್ದವು, ಐದೂ ನವಲಗುಂದದ ಕಡೆಯವರದು. ಆ ಬಸ್ಸು ಇವತ್ತು ತಡವಾಗಿದೆ. ಎರಡು ಗಂಟೆಗೆ ಐದು ಮಿನಿಟಿತ್ತು. ಮೈದುನ ಗಡಿಯಾರ ನೋಡಿಕೊಂಡು ಎದ್ದ. ಅವನಿಗೆ ಕಾಂಟ್ರಾಕ್ಟರನನ್ನು ಕಾಣುವುದಿತ್ತು.

"ಮೂವತ್ತಾರು, ವೈನಿ," ಎಂದ. ಅವನ ದನಿಯಲ್ಲಿ ಗೆದ್ದ ಸಂತೋಷವಿರಲಿಲ್ಲ. "ಒಂದ ತಾಸಿನ ಮ್ಯಾಲೆ ಕುಂತೆ."

ಚಾಚಾ ಬಾಯಿ ತೆರೆದರು. ನಾನು ಕಣ್ಣಿನಲ್ಲೇ ಬೇಡವೆಂದೆ. ನಾನು ಮದುವೆಯಾಗಿ ಬಂದಾಗ ಈ ಮೈದುನ ಹೈಸ್ಕೂಲಿನಲ್ಲಿದ್ದ. ಅವನ ಬುತ್ತಿಯನ್ನು ನಾನೇ ಕಟ್ಟಿ ಕೊಟ್ಟಿದ್ದೆ. ಅವನ ಮುಂದೆ ನಿಂತು, ಬಸ್ಸು ತಡವಾಗಿದೆ, ಇನ್ನೊಂದು ಹತ್ತು ಮಿನಿಟು ಕೂರು ತಮ್ಮಾ ಎಂದು ಬೇಡಿಕೊಳ್ಳಲು ನಾಲಿಗೆ ಹೊರಳಲಿಲ್ಲ. ಆ ಕನ್ನಡಕದವನು ಮಳೆಯಲ್ಲಿ ಏಕೆ ಸುಮ್ಮನೆ ತಿರುಗಿ ಓಡಿದ ಎಂದು ಆ ಹೊತ್ತಿಗೆ ನನಗೆ ಪೂರ್ತಿ ಅರ್ಥವಾಯಿತು.

"ಆತು," ಎಂದೆ.

ಅವನು ಓಣಿಯ ತಿರುವು ದಾಟಿ ಹತ್ತು ಮಿನಿಟಾಗಿರಬೇಕು. ಐದೂ ಗಾಡಿ ಒಟ್ಟಿಗೆ ಬಂದವು. ಕೊನೆಯದು ನೀಲಿ ಸ್ಕೂಟರು. ಚಾಚಾ ಐದರ ಸೀಟಿನ ಮೇಲೂ ನಂಬರು ಬರೆದು, ಶೆಡ್ಡಿನ ಗೋಡೆಯ ಕರಿಹಲಗೆಯ ಮೇಲೆ ದೊಡ್ಡದಾಗಿ ನಲವತ್ತೊಂದು ಎಂದು ಬರೆದರು. ರಸ್ತೆಯಾಚೆಯ ಬೂತಿನಿಂದ ಅಂಗಡಿಗೆ ಫೋನ್ ಮಾಡಿರೆಂದು ಅವರು ಮೂರು ಸಲ ಹೇಳಿದರು. ನಾನು ಹೋಗಲಿಲ್ಲ. ಆ ಸಂಜೆ ಮನೆಯಲ್ಲೂ ಹೇಳಲಿಲ್ಲ. ಸೊಕ್ಕು ಎನ್ನಿ, ಹಟ ಎನ್ನಿ. ಎಷ್ಟೋ ದಿನ ನನಗೆ ನನ್ನ ಮೇಲೆ ಬಂದ ಸಿಟ್ಟು ಯಾರ ಮೇಲೂ ಬಂದಿಲ್ಲ.

ದೀಪಾವಳಿಯಾದ ಮೇಲೆ ಶೆಡ್ಡು ಇಳಿಯಿತು. ಚಾಚಾ ಹುಬ್ಬಳ್ಳಿಯ ಒಂದು ದವಾಖಾನೆಯ ಮುಂದಿನ ಸ್ಟ್ಯಾಂಡಿಗೆ ಸೇರಿಕೊಂಡರು. ಹತ್ತು ಮಷಿನ್ ಮಾರಿದೆ. ಒಂದನ್ನು ಮಂಚದ ಕೆಳಗಿಟ್ಟುಕೊಂಡೆ. ಅಂಗಳವಿದ್ದಲ್ಲಿ ಹದಿನಾಲ್ಕು ಕೋಣೆಗಳೆದ್ದವು. ಮೈದುನ ಒಂದು ಅಡಿ ಜಾಗವೂ ದಂಡವಾಗದಂತೆ, ಗೋಡೆಗೆ ಗೋಡೆ ಹತ್ತಿಸಿ, ನಡುವೆ ಇಬ್ಬರು ಎದುರಾದರೆ ಒಬ್ಬರು ಓರೆಯಾಗಬೇಕಾದಷ್ಟು ಹಾದಿ ಬಿಟ್ಟು ಕಟ್ಟಿಸಿದ್ದ. ಜೂನ್ ಕೊನೆಗೆ ಬಾಡಿಗೆಯವರು ಬರತೊಡಗಿದರು. ಕೋಣೆ ತೋರಿಸಲು ಮೈದುನ ನನ್ನನ್ನೂ ಕರೆದಿದ್ದ.

ಕನ್ನಡಕದವನೂ ಅವನ ಮೂವರು ಸಂಗಾತಿಗಳೂ ಬಂದರು. ಎರಡನೆಯ ವರ್ಷ, ಗೇಟಿಗೆ ಹತ್ತಿರವೆಂದು ಇಲ್ಲೇ ಕೋಣೆ ಹಿಡಿದಿದ್ದರು. ಹಾಸಿಗೆ, ಟ್ರಂಕು ಒಳಗೆ ಹೋದವು. ಅವನು ನೀಲಿ ಸ್ಕೂಟರನ್ನು ಆ ಇಕ್ಕಟ್ಟು ಹಾದಿಯೊಳಗೆ ತಳ್ಳಿಕೊಂಡು ಬಂದ. ಮೈದುನ ಕೈ ಅಡ್ಡ ಹಿಡಿದು, ಇಲ್ಲಿ ನಿಲ್ಲಿಸಿದರೆ ಜನ ಓಡಾಡುವುದು ಹೇಗೆ ಎಂದ. ರಸ್ತೆಯ ಮೇಲೆ ನಿಲ್ಲಿಸಿದರೆ ಪೆಟ್ರೋಲು ಉಳಿಯುವುದಿಲ್ಲವೆಂದು ಹುಡುಗ ಹೇಳಿದ. ಹೇಳುವಾಗ ನನ್ನನ್ನು ನೋಡಿ, ಗುರುತು ಹಿಡಿದು, ಕಣ್ಣು ಕೆಳಗೆ ಮಾಡಿದ.

ಮೈದುನ ನನ್ನ ಕಡೆ ತಿರುಗಿದ. "ವೈನಿ, ಇವರ ಗಾಡಿ ಎಲ್ಲಿ ನಿಂದರಸಬೇಕು?"

"ಇಲ್ಲೇ ನಲವತ್ತೊಂದು ನಿಂತಿದ್ದುವು," ಎಂದೆ. "ನೀ ಎಣಿಸಿ ಹೋದ ಹತ್ತ ಮಿನಿಟಿಗೆ. ನವಲಗುಂದದ ಬುತ್ತಿ ಬಸ್ಸು ಆವತ್ತ ತಡಾ ಆಗಿತ್ತು."

ಅವನು ಹೊಸ ಗೋಡೆಗಳನ್ನು, ಸ್ಕೂಟರನ್ನು, ನನ್ನ ಮುಖವನ್ನು ನೋಡಿದ.

"ಆವತ್ತ ಯಾಕ ಹೇಳಲಿಲ್ಲ, ವೈನಿ?"

"ನೀ ಎಣಸಾಕ ಬಂದಿದ್ದಿ," ಎಂದೆ. "ಆವಾಗ ಇದ್ದದ್ದು ಮೂವತ್ತಾರ."